ಹದಿನೈದು ಕಿಲೋ

ಮೋಶಿ, ಟಾಂಜಾನಿಯಾ
17 ಜನವರಿ 2025, ಶುಕ್ರವಾರ ರಾತ್ರಿ

ನಾಳೆಯಿಂದ ಕಿಲಿಮಂಜಾರೋ ಹತ್ತಬೇಕು. ಬ್ಯಾಗು 16.8 ಕಿಲೋ ತೂಗಿತು. 15 ದಾಟುವ ಹಾಗಿಲ್ಲ. ಹೊರುವ ಹುಡುಗನ ಮೇಲೆ ಒಟ್ಟು 20 ಕಿಲೋ ಮೀರಬಾರದು, ಅದರಲ್ಲಿ ಅವನ ಬಟ್ಟೆಬರೆಯೂ ಸೇರಿ. ನಾಳೆ ಹತ್ತಲು ಶುರುಮಾಡುವ ಮಚಾಮೆ ಗೇಟಿನಲ್ಲಿ ಮತ್ತೆ ತೂಗುತ್ತಾರಂತೆ.

ಗೈಡ್ ನನ್ನ ರೂಮಿನ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಒಂದೊಂದೇ ಹೊರಗಿಟ್ಟರು. ಜೀನ್ಸು ಹೋಯ್ತು, ಎರಡನೇ ಟವೆಲ್ಲು ಹೋಯ್ತು. ಶಾಂಪೂ ಬಾಟ್ಲಿ ನೋಡಿ ನಕ್ಕರು, ಏಳು ದಿನ ಸ್ನಾನವೇ ಇಲ್ಲವಲ್ಲ. ಅಮ್ಮನ ಚಟ್ನಿಪುಡಿ ಡಬ್ಬಿ ಕೈಗೆ ಸಿಕ್ಕಾಗ ನಾನು ಉಸಿರು ಬಿಗಿಹಿಡಿದೆ. ಮುಚ್ಚಳ ತೆಗೆದು ಮೂಸಿದರು, ಸೀನಿದರು, ವಾಪಸ್ ಒಳಗಿಟ್ಟರು. "ಮೇಲೆ ಹೋದ ಹಾಗೆ ಊಟ ಸೇರಲ್ಲ ಮಾಮಾ. ಇದು ಇರಲಿ."

ಇಲ್ಲಿ ಮಾಮಾ ಅಂದರೆ ಅಮ್ಮ. ಮೊದಲ ಸಲ ಹಾಗೆ ಕರೆದಾಗ, ಯಾವ ಸೋದರಮಾವ ಬಂದನಪ್ಪ ಅಂತ ಹಿಂದೆ ತಿರುಗಿ ನೋಡಿದ್ದೆ! ಇನ್ನೊಂದು ಮಾತು ಕಲಿತೆ: ಪೋಲೆ. ಒಂದು ಸಲ ಅಂದರೆ 'ಅಯ್ಯೋ ಪಾಪ', ಎರಡು ಸಲ ಅಂದರೆ 'ನಿಧಾನ'.

ಆಮೇಲೆ ಕೇಳಿದರು, ಜಿಪ್ ಎಳೆಯುತ್ತಲೇ.

"ನಾನು ಇಳೀರಿ ಅಂದ್ರೆ ಇಳೀತೀರಾ?"

"ಇಳೀತೀನಿ."

"ಮೋಶಿಯಲ್ಲಿ ಎಲ್ಲರೂ ಇಳೀತೀನಿ ಅಂತಾರೆ. ಕೊನೆಯ ಕ್ಯಾಂಪ್ ಬರಾಫುನಲ್ಲಿ ಮಧ್ಯರಾತ್ರಿ ಕೇಳಿದರೆ, ಇಷ್ಟು ದುಡ್ಡು ಕೊಟ್ಟಿದ್ದೀನಿ ಅಂತಾರೆ. ಅದಕ್ಕೇ ಈಗಲೇ ಕೇಳ್ತಿರೋದು."

ದುಡ್ಡಿನ ವಿಷಯ ಸುಳ್ಳಲ್ಲ. ಎರಡು ವರ್ಷ ಕಟ್ಟಿದ ಚೀಟಿ ಎತ್ತಿ ಬಂದವಳು ನಾನು. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೇನೆ, ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು. ಆದರೆ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಇಲ್ಲಿ ಮೊದಲ ರಾತ್ರಿಯ ಟೆಂಟು ಅದಕ್ಕಿಂತ ಸುಮಾರು 900 ಮೀಟರ್ ಮೇಲೆ. ಮೂರನೇ ದಿನ 4,600ರ ಲಾವಾ ಟವರ್ ಅನ್ನೋ ಬಂಡೆ ಮುಟ್ಟಿ, ನಿದ್ದೆಗೆ ಮತ್ತೆ 4,000ದ ಕೆಳಗೆ. ಮೈ ಒಗ್ಗಲಿ ಅಂತ. ಕೊನೆಗೆ ತುತ್ತತುದಿ ಉಹುರು, 5,895. ಗಾಳಿ ಇಲ್ಲಿಯ ಅರ್ಧದಷ್ಟೇ.

ಸಂಜೆ ಆರರ ಹೊತ್ತಿಗೆ ಮೋಡ ಸರಿದು ಕಿಬೋ ಕಂಡಿತು, ಕಿಲಿಮಂಜಾರೋದ ಅತಿ ಎತ್ತರದ ಶಿಖರ. ಟೆರೇಸಿನಲ್ಲಿ ಒಣಗಹಾಕಿದ್ದ ಬೆಡ್‌ಶೀಟುಗಳ ಮೇಲ್ಗಡೆ, ಮೋಡದ ಮೇಲೆಲ್ಲೋ. ನಾನು ಬೆಟ್ಟವನ್ನು ಇಷ್ಟು ಹೊತ್ತೂ ಕೆಳಗೆ ಹುಡುಕುತ್ತಿದ್ದೆ. ಕತ್ತೆತ್ತಿದರೆ ಅಲ್ಲಿ. ಹಿಮ ಎಳೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಫೋಟೋ ತೆಗೆಯೋಣ ಅಂತ ಮೊಬೈಲ್ ತರುವಷ್ಟರಲ್ಲಿ ಹೋಯ್ತು.

ಅಮ್ಮನಿಗೆ ಫೋನ್ ಮಾಡಿದೆ. "ಸ್ವೆಟರ್ ಹಾಕ್ಕೋ" ಅಂದಳು. ಲೇಹ್‌ನ ವಿಷಯ ಅವಳಿಗೆ ಗೊತ್ತಿಲ್ಲ, ದೊಡ್ಡಕ್ಕನಿಗೆ ಮಾತ್ರ ಗೊತ್ತು. ಮೂರು ವರ್ಷದ ಹಿಂದೆ, ಬರೀ 3,500 ಮೀಟರಿನಲ್ಲಿ, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಮಲಗಿದ್ದೆ. ವಿಮಾನದಲ್ಲಿ ಸೀದಾ ಹೋಗಿ ಇಳಿದಿದ್ದಕ್ಕೆ ಹಾಗಾಯ್ತು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ಫಾರ್ಮಿನಲ್ಲಿ 'ಎತ್ತರದಲ್ಲಿ ಹಿಂದೆ ತೊಂದರೆ ಆಗಿದೆಯೇ' ಅನ್ನುವ ಕಡೆ 'ಇಲ್ಲ' ಅಂತ ಬರೆದವಳೂ ನಾನೇ.

ಈಗ ಕೆಳಗಿಳಿದು ಹೋಗಿದ್ದೆ, ಹೇಳಿಬಿಡೋಣ ಅಂತ. ಗೈಡ್ ಆಗಲೇ ಮನೆಗೆ ಹೋಗಿದ್ದರು. ಬೆಳಿಗ್ಗೆ ಎಂಟಕ್ಕೆ ವ್ಯಾನು. ಗೇಟಿನವರೆಗೆ ಅವರ ಪಕ್ಕದ ಸೀಟು ಸಿಕ್ಕರೆ,