ಸೈಜಿಗಿಂತ ಮೊದಲು ಊರು ಕೇಳುತ್ತೇನೆ

ಮಾರ್ಚ್ ಮುಗಿಯುತ್ತಾ ಬಂದರೆ ನಮ್ಮ ಅಂಗಡಿಯಲ್ಲಿ ಗಿರಾಕಿಗಳ ಮಾತೇ ಬದಲಾಗುತ್ತದೆ. ಅಲ್ಲಿಯವರೆಗೆ ಆಫೀಸ್ ಶೂ, ಮದುವೆಗೆ ಚಪ್ಪಲಿ, ಮನೆಯೊಳಗೆ ಹಾಕೋ ಸ್ಲಿಪ್ಪರ್. ಆಮೇಲೆ ಬಾಗಿಲಲ್ಲೇ ಶುರು: ‘ಟೂರಿಗೆ ಹೊರಟಿದ್ದೀವಿ ಅಣ್ಣ, ಒಂದು ಮೆತ್ತಗಿರೋ ಶೂ ಕೊಡಿ.’ ದಸರಾ ರಜೆಗೆ ಮುಂಚೆ ಇನ್ನೊಂದು ಸಲ ಇದೇ ಗದ್ದಲ. ಕಾರ್ತಿಕದಲ್ಲಿ ಸ್ವಲ್ಪ ತಣ್ಣಗಾಗುತ್ತದೆ. ಶಬರಿಮಲೆಗೆ ಮಾಲೆ ಹಾಕಿದವರು ಬರಿಗಾಲಲ್ಲಿ ಓಡಾಡುತ್ತಾರೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ನಾನು ತುಮಕೂರಿನ ಎಂ.ಜಿ. ರಸ್ತೆ ಕಡೆಯ ಒಂದು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಡಬ್ಬ ಇಳಿಸೋದು, ಡಬ್ಬ ಏರಿಸೋದು, ಇಷ್ಟೇ ಕೆಲಸ ಅಂತ ಜನ ತಿಳಿದಿರುತ್ತಾರೆ. ಅರ್ಧ ನಿಜ. ಉಳಿದರ್ಧ ಪ್ರಶ್ನೆ ಕೇಳೋದು. ಕೆಲಸಕ್ಕೆ ಸೇರಿದಾಗ ಯಜಮಾನರು ಹೇಳಿಕೊಟ್ಟ ಮೊದಲ ಪಾಠವೇ ಅದು. ‘ಸೈಜ್ ಎಷ್ಟು ಅಂತ ಆಮೇಲೆ ಕೇಳು. ಎಲ್ಲಿಗೆ ಹೋಗ್ತಾರೆ, ಯಾವತ್ತು ಹೊರಡ್ತಾರೆ, ಮೊದಲು ಅದನ್ನ ಕೇಳು.’ ಆಗ ಇದು ಗಿರಾಕಿ ಜೊತೆ ಮಾತು ಬೆಳೆಸೋ ಉಪಾಯ ಅಂದುಕೊಂಡಿದ್ದೆ. ಈಗ ಊರು ಗೊತ್ತಾಗದೆ ಡಬ್ಬಕ್ಕೆ ಕೈ ಹಾಕುವುದಿಲ್ಲ.

ಕಾಶಿಗೆ ಹೋಗುವವರನ್ನೇ ತೆಗೆದುಕೊಳ್ಳಿ. ಗಲ್ಲಿಗೊಂದು ದೇವಸ್ಥಾನ, ದಿನಕ್ಕೆ ಎಷ್ಟು ಸಲ ಚಪ್ಪಲಿ ಬಿಡಬೇಕೋ ಲೆಕ್ಕವಿಲ್ಲ. ಘಾಟಿನ ಮೆಟ್ಟಿಲು ಒದ್ದೆ. ಅಂಥವರಿಗೆ ಲೇಸ್ ಶೂ ಕೊಟ್ಟರೆ ಮೂರನೇ ದೇವಸ್ಥಾನಕ್ಕೆ ಅದರ ಹಿಮ್ಮಡಿ ತುಳಿದು ಚಪ್ಪಲಿ ಮಾಡಿಕೊಳ್ಳುತ್ತಾರೆ. ಹಿಂದೆ ಪಟ್ಟಿ ಇರುವ, ವೆಲ್ಕ್ರೋ ಹಾಕಿದ ಸ್ಯಾಂಡಲ್ ಅವರಿಗೆ ಸರಿ. ರಾಮೇಶ್ವರದಲ್ಲಿ 22 ತೀರ್ಥದ ಸ್ನಾನ ಮುಗಿಸಿ ಒದ್ದೆ ಕಾಲಲ್ಲೇ ಹೊರಗೆ ಬರುತ್ತಾರೆ. ಒದ್ದೆ ಕಾಲಿಗೆ ಸಾಕ್ಸ್ ಏರಿಸಿ ನಡೆದರೆ ಬೊಬ್ಬೆ ಏಳದೆ ಇರುತ್ತಾ?

ಕೇದಾರನಾಥದ ಮಾತು ಬೇರೆ. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಹತ್ತಬೇಕು. 2013ರ ಪ್ರವಾಹದ ಮೇಲೆ ದಾರಿಯೇ ಬದಲಾಗಿ ಮೊದಲಿಗಿಂತ ಉದ್ದವಾಗಿದೆ. ಕಲ್ಲು, ನೀರು, ಕುದುರೆ ಲದ್ದಿ, ಚಳಿ. ಅಲ್ಲಿಗೆ ಅಡಿಯಲ್ಲಿ ಆಳವಾದ ಹಲ್ಲಿರುವ ಗಟ್ಟಿ ಸೋಲ್ ಬೇಕು. ಯುರೋಪಿಗೆ ಮಗನ ಜೊತೆ ಹೋಗುವ ನಿವೃತ್ತ ಮೇಷ್ಟ್ರಿಗೆ ಆ ಶೂ ಸುಮ್ನೆ ಭಾರ. ಅವರಿಗೆ ಬೇಕಾಗಿರೋದು ಕಲ್ಲು ಹಾಸಿದ ಬೀದಿಯಲ್ಲಿ ನಡೆಯೋಕೆ, ಮ್ಯೂಸಿಯಂ ಒಳಗೆ ಗಂಟೆಗಟ್ಟಲೆ ನಿಲ್ಲೋಕೆ ಆಗುವಂಥದ್ದು. ನಿಲ್ಲೋದು ನಡೆಯೋದಕ್ಕಿಂತ ಜಾಸ್ತಿ ಕಾಡುತ್ತದೆ. ಇದನ್ನ ಅಂಗಡಿಯಲ್ಲಿ ದಿನವಿಡೀ ನಿಂತಿರುವ ನನ್ನಿಂದಲೇ ಕೇಳಿ.

ಇನ್ನು ಕೆಲವು ಕಡೆ ಶೂಗೆ ಕೆಲಸವೇ ಇಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕು. ತಿರುಪತಿಗೆ ಅಲಿಪಿರಿಯ 3,550 ಮೆಟ್ಟಿಲನ್ನು ಹೆಚ್ಚಿನವರು ಬರಿಗಾಲಲ್ಲೇ ಹತ್ತುತ್ತಾರೆ. ಅಲ್ಲಿಗೆ ಹೋಗುವವರಿಗೆ ದುಬಾರಿ ಶೂ ಮಾರುವುದು ನನಗೆ ಸರಿ ಕಾಣುವುದಿಲ್ಲ. ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ ಮುಗಿಸಿ ಅನ್ನುತ್ತೇನೆ.

ಆ ‘ಮೆತ್ತಗಿರೋ ಶೂ’ ವಿಚಾರಕ್ಕೆ ಬರೋಣ. ನಮ್ಮ ವ್ಯಾಪಾರದಲ್ಲಿ ಅತಿ ಹೆಚ್ಚು ಮೋಸ ಹೋಗುವ ಜಾಗ ಇದೇ, ಮೋಸ ಮಾಡುವವರು ಯಾರೂ ಇಲ್ಲದಿದ್ದರೂ. ಗಿರಾಕಿ ಶೂ ಒಳಗೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಒಳಗೆ ಹೋಯಿತು, ಮುಖ ಅರಳಿತು. ಹಾಕಿಕೊಂಡು ಕನ್ನಡಿವರೆಗೆ ನಾಲ್ಕು ಹೆಜ್ಜೆ ನಡೆದರು, ಇನ್ನೂ ಖುಷಿ. ಅಷ್ಟು ಹೊತ್ತಿಗೆ ಯಾವ ಶೂ ಆದರೂ ಚೆನ್ನಾಗಿಯೇ ಇರುತ್ತದೆ. ಮೆತ್ತನೆಯ ಫೋಮ್ ನಿಮ್ಮ ಭಾರಕ್ಕೆ ಕುಸಿದು ತಳ ಮುಟ್ಟಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಪ್ರತಿ ಹೆಜ್ಜೆಗೂ ಪಾದ ಒಳಗೆ ಅಲ್ಲಾಡುತ್ತದೆ. ಅಲ್ಲಾಡದ ಹಾಗೆ ಹಿಡಿಯೋ ಕೆಲಸ ಮೀನಖಂಡಕ್ಕೆ, ಅಂಗಾಲಿಗೆ ಬೀಳುತ್ತದೆ. ಸಂಜೆ ಲಾಡ್ಜಿಗೆ ಬಂದು ‘ಶೂ ಮೆತ್ತಗೇ ಇದೆ, ಕಾಲು ಯಾಕೆ ಇಷ್ಟು ನೋಯ್ತಿದೆ’ ಅನ್ನುತ್ತಾರೆ.

ಹಾಗಾಗಿ ನಾನು ಗಿರಾಕಿಯ ಎದುರಿಗೇ ಶೂವನ್ನು ಸ್ವಲ್ಪ ಹಿಂಸೆ ಮಾಡುತ್ತೇನೆ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಸುಕುತ್ತೇನೆ. ಅದು ಸುಲಭಕ್ಕೆ ಮಡಚಬಾರದು. ಆಮೇಲೆ ಮೂತಿ ಹಿಡಿದು ಮೇಲಕ್ಕೆ ಬಗ್ಗಿಸುತ್ತೇನೆ. ನಿಮ್ಮ ಬೆರಳು ಮಡಚುವ ಜಾಗದಲ್ಲೇ ಅದೂ ಬಗ್ಗಬೇಕು. ನಟ್ಟನಡುವೆ ಎರಡಾಗಿ ಮಡಚಿದರೆ ಪಕ್ಕಕ್ಕಿಡುತ್ತೇನೆ. ಕೊನೆಗೆ ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡೂ ಕಡೆ ಹಿಡಿದು ತಿರುಚುತ್ತೇನೆ. ಸ್ವಲ್ಪ ಬಗ್ಗಲಿ, ಪೂರ್ತಿ ಸುತ್ತಿಕೊಳ್ಳಬಾರದು. ಈ ಮೂರರಲ್ಲಿ ಪಾಸಾದ ಮೇಲೆ ಒಳಗೆ ಎಷ್ಟು ಮೆತ್ತಗಿದೆ ಅಂತ ಧಾರಾಳವಾಗಿ ಒತ್ತಿ ನೋಡಿ. ಎಷ್ಟೋ ಜನ ನಾನು ಶೂ ತಿರುಚೋದು ನೋಡಿ ‘ಅಯ್ಯೋ ಹಾಳಾಗುತ್ತೆ ಬಿಡಪ್ಪ’ ಅನ್ನುತ್ತಾರೆ. ಇಷ್ಟಕ್ಕೇ ಹಾಳಾಗೋದಾದರೆ ಪ್ರವಾಸಕ್ಕೆ ಅದು ಬೇಡ ಅಲ್ವಾ?

ಸೈಜ್ ಕೊನೆಗೆ ಬರುತ್ತದೆ. ‘ನಂದು ಎಂಟು, ಮದುವೆ ಆದಾಗಿಂದ ಎಂಟೇ’ ಅನ್ನುವವರು ಬಹಳ. ವಯಸ್ಸಾದಂತೆ ಪಾದ ಹರಡುತ್ತದೆ, ಉದ್ದವೂ ಆಗುತ್ತದೆ. ಹೆಣ್ಣುಮಕ್ಕಳಿಗೆ ಹೆರಿಗೆ ಆದಮೇಲೂ ಅಷ್ಟೇ. ಅದಕ್ಕೇ ನಿಲ್ಲಿಸಿ ಅಳೆಯುತ್ತೇನೆ, ಎರಡೂ ಕಾಲು. ಕೂತರೆ ಪಾದದ ಮೇಲೆ ಭಾರ ಬೀಳುವುದಿಲ್ಲ, ಅಳತೆ ಚಿಕ್ಕದು ಬರುತ್ತದೆ. ಎರಡು ಕಾಲು ಸಮ ಇರೋದು ಅಪರೂಪ, ದೊಡ್ಡ ಕಾಲಿಗೆ ತಕ್ಕಂತೆ ಕೊಡುತ್ತೇನೆ. ನಮ್ಮಲ್ಲಿ ಇರೋದು ಲೋಹದ ಅಳತೆ ಹಲಗೆ. ಅಮೆರಿಕದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ಮಾಡಿದ ನಮೂನೆ. ಅದರಲ್ಲಿ ಬೆರಳ ತುದಿವರೆಗಿನ ಉದ್ದದ ಜೊತೆಗೆ ಹೆಬ್ಬೆರಳ ಬುಡದ ಗೆಣ್ಣಿನವರೆಗಿನ ಉದ್ದವೂ ಸಿಗುತ್ತದೆ, ಅಗಲವೂ ಸಿಗುತ್ತದೆ. ಶೂ ಎಲ್ಲಿ ಬಗ್ಗಬೇಕು ಅನ್ನೋದು ಆ ಗೆಣ್ಣಿನ ಅಳತೆಯಿಂದ ಗೊತ್ತಾಗುತ್ತದೆ.

ಉದ್ದದ ಬೆರಳಿನ ಮುಂದೆ ಒಂದು ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ, ನೋಡಿಕೊಳ್ಳಬೇಕು. ನಾವು ಬಳಸುವ ಯುಕೆ ಸೈಜಿನಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಕೇಳೋಕೆ ಚಿಕ್ಕದು. ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತೋ ಇಲ್ಲವೋ ಅಂತ ತೀರ್ಮಾನ ಮಾಡೋದು ಅಷ್ಟೇ ಅಳತೆ.

ಸಂಜೆ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ದಿನವಿಡೀ ಓಡಾಡಿದ ಪಾದ ಊದಿಕೊಂಡಿರುತ್ತದೆ. ಪ್ರವಾಸದಲ್ಲೂ ಅದೇ ಪಾದ ಶೂ ಒಳಗೆ ಇರುತ್ತದೆ.

ಹೆಣ್ಣುಮಕ್ಕಳ ಕಾಲಿಗೆ ಶೂ ಹುಡುಕೋದು ನನ್ನ ಕೆಲಸದಲ್ಲಿ ಅತಿ ಕಷ್ಟದ್ದು. ಇದರ ಬಗ್ಗೆ ಯಾರೂ ಬರೆಯೋದಿಲ್ಲ. ಮೊನ್ನೆ ಒಬ್ಬರು ದೊಡ್ಡಮ್ಮ ಸೊಸೆಯ ಜೊತೆ ಬಂದಿದ್ದರು. ಉತ್ತರ ಭಾರತ ಪ್ರವಾಸ, ಟೂರ್ ಬಸ್ಸು.

‘ಅಮ್ಮ, ಇದೊಂದು ಶೂ ಹಾಕಿ ನೋಡಿ.’

‘ಥೂ, ಸೀರೆ ಮೇಲೆ ಶೂ ಹಾಕ್ಕೊಂಡ್ರೆ ಬಸ್ಸಲ್ಲಿರೋರೆಲ್ಲ ನಗ್ತಾರೆ ಕಣಪ್ಪ.’

‘ಎರಡನೇ ದಿನಕ್ಕೆ ಅವರೆಲ್ಲ ಕುಂಟ್ತಿರ್ತಾರೆ, ನಗೋಕೆ ಪುರುಸೊತ್ತೆಲ್ಲಿ?’

ಸೊಸೆ ನಕ್ಕರು. ದೊಡ್ಡಮ್ಮ ಕಾಲು ಕೊಟ್ಟರು. ಆಮೇಲೆ ನಿಜವಾದ ತೊಂದರೆ ಕಾಣಿಸಿತು. ಕಾಲುಂಗುರ. ಹೆಂಗಸರ ಮಾಡೆಲ್‌ಗಳು ಮುಂದೆ ಚೂಪು. ಉಂಗುರ ಇರುವ ಬೆರಳು ಪಕ್ಕದ ಬೆರಳಿಗೆ ಒತ್ತುತ್ತದೆ. ಅಂಗಡಿಯಲ್ಲಿ ಅದು ಸುಮ್ನೆ ‘ಸ್ವಲ್ಪ ಹಿಡಿಯುತ್ತೆ’ ಅನಿಸುತ್ತದೆ, ಐದು ಕಿಲೋಮೀಟರ್ ನಡೆದ ಮೇಲೆ ಚರ್ಮ ಕಿತ್ತುಬರುತ್ತದೆ. ಉಂಗುರ ತೆಗೆದಿಡಿ ಅನ್ನೋಕೆ ನಾನ್ಯಾರು? ಅದಕ್ಕೆ ಉಂಗುರ ಹಾಕಿಕೊಂಡೇ, ಸಾಕ್ಸ್ ಏರಿಸಿಯೇ ಶೂ ಹಾಕಿ ನೋಡಿ ಅನ್ನುತ್ತೇನೆ. ಕಾಲು ಚೈನೂ ಅಷ್ಟೇ, ಶೂ ಕಾಲರಿಗೆ ಉಜ್ಜುತ್ತದೆಯಾ ನೋಡಬೇಕು. ಮುಂದೆ ಅಗಲ ಸಾಲದಿದ್ದರೆ ಗಂಡಸರ ಚಿಕ್ಕ ಸೈಜೋ ದೊಡ್ಡ ಹುಡುಗರ ಮಾಡೆಲ್ಲೋ ತೋರಿಸುತ್ತೇನೆ. ಬಣ್ಣ ನೋಡಿ ಮುಖ ಸಿಂಡರಿಸುತ್ತಾರೆ. ಹಾಕಿ ನಡೆದ ಮೇಲೆ ಬಣ್ಣದ ಮಾತು ಬರುವುದಿಲ್ಲ. ಆ ದೊಡ್ಡಮ್ಮ ಬೂದು ಬಣ್ಣದ್ದು ತೆಗೆದುಕೊಂಡು ಹೋದರು.

ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಕಾಲು ಮುಂದೆ ಅಗಲ ಅಂತ ನಮಗೆ ಮೊದಲೇ ಗೊತ್ತಿತ್ತು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಭಾರತೀಯರ ಪಾದ ಯುರೋಪು, ಅಮೆರಿಕದವರಿಗಿಂತ ಅಗಲ ಅಂತಲೇ ಅವರಿಗೂ ಸಿಕ್ಕಿತು. ‘ಭಾ’ ಅನ್ನುವ ಹೊಸ ಸೈಜ್ ಪದ್ಧತಿಯ ಪ್ರಸ್ತಾಪ ಅದರಿಂದಲೇ ಹುಟ್ಟಿದ್ದು. ಅದು ನಮ್ಮ ರ್‍ಯಾಕಿಗೆ ಬರುವವರೆಗೆ ಅಗಲದ ಕಾಲಿನವರು ಒಂದು ನಂಬರ್ ದೊಡ್ಡದು ತೆಗೆದುಕೊಂಡು ಹಿಮ್ಮಡಿ ಜಾರಿಸಿಕೊಂಡು ಓಡಾಡುತ್ತಿರುತ್ತಾರೆ.

ಹಿಮ್ಮಡಿ ಜಾರೋದಕ್ಕೆ ಒಂದು ಉಪಾಯ ಇದೆ. ಸ್ಪೋರ್ಟ್ಸ್ ಶೂನಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ತೂತು ಖಾಲಿ ಇರುತ್ತದೆ ನೋಡಿ. ಅದು ಅಲಂಕಾರಕ್ಕೆ ಇಟ್ಟಿರೋದಲ್ಲ. ಕೆಳಗಿನ ತೂತಿನಿಂದ ಬಂದ ಲೇಸನ್ನು ಅದೇ ಕಡೆಯ ಆ ಮೇಲಿನ ತೂತಿಗೆ ಹೊರಗಿನಿಂದ ಒಳಗೆ ತೂರಿಸಿ, ಪೂರ್ತಿ ಎಳೆಯದೆ ಸಣ್ಣ ಕುಣಿಕೆ ಬಿಡಿ. ಇನ್ನೊಂದು ಕಡೆಯೂ ಹಾಗೇ ಮಾಡಿ. ಈಗ ಬಲಗಡೆ ಲೇಸನ್ನು ಎಡಗಡೆ ಕುಣಿಕೆಗೆ, ಎಡಗಡೆಯದನ್ನು ಬಲಗಡೆ ಕುಣಿಕೆಗೆ ಹಾಕಿ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಇಳಿಯುವಾಗ ಬೆರಳು ಮುಂದೆ ಹೋಗಿ ಗುದ್ದುವುದಿಲ್ಲ. ಇದನ್ನು ತೋರಿಸಿಕೊಟ್ಟಾಗ ಹುಡುಗರ ಮುಖ ನೋಡಬೇಕು, ವರ್ಷಗಟ್ಟಲೆ ಶೂ ಹಾಕಿದ್ದರೂ ಆ ತೂತು ಯಾಕಿದೆ ಅಂತ ಯಾರೂ ಕೇಳಿರುವುದಿಲ್ಲ.

‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಅನ್ನೋದು ಚಪ್ಪಲಿ ವ್ಯಾಪಾರದ ಹಳೇ ಮಾತು. ಚರ್ಮದ್ದಾದರೆ ಅಗಲಕ್ಕೆ ಸ್ವಲ್ಪ ಬಿಟ್ಟುಕೊಳ್ಳುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಈಗಿನ ಸಿಂಥೆಟಿಕ್ ಶೂ ಅಷ್ಟೂ ಬಿಡುವುದಿಲ್ಲ. ಮೊದಲ ದಿನ ಕಚ್ಚಿದರೆ ಕೊನೆಯ ದಿನವೂ ಕಚ್ಚುತ್ತದೆ ಅಂತಲೇ ಲೆಕ್ಕ ಹಾಕಿ. ಶೂ ತೆಗೆದುಕೊಂಡವರಿಗೆ ನಾನು ಹೇಳೋದು ಇಷ್ಟು: ಮೊದಲು ಎರಡು ಸಂಜೆ ಮನೆಯೊಳಗೇ ಹಾಕಿಕೊಂಡು ಓಡಾಡಿ. ಸೋಲ್ ಕೊಳೆಯಾಗದಿದ್ದರೆ ಬದಲಾಯಿಸಿ ಕೊಡಬಹುದು. ಸರಿ ಅನಿಸಿದರೆ ಅಮಾನಿಕೆರೆ ವಾಕಿಂಗಿಗೆ ಹಾಕಿ. ಕೇದಾರಕ್ಕೆ ಹೋಗೋ ಹುಡುಗರಿಗೆ ಒಂದು ಭಾನುವಾರ ಮಧುಗಿರಿ ಬೆಟ್ಟ ಹತ್ತಿ ಇಳಿದು ಬನ್ನಿ ಅನ್ನುತ್ತೇನೆ. ಆ ನುಣುಪು ಬಂಡೆಯ ಇಳಿಜಾರಿಗಿಂತ ಒಳ್ಳೆ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿಲ್ಲ.

ಹಳೇ ಶೂ ಇಟ್ಟುಕೊಂಡವರಿಗೂ ಒಂದು ಮಾತು. ಯಾವಾಗಲೋ ತೆಗೆದುಕೊಂಡು, ಎರಡು ಸಲ ಹಾಕಿ, ಡಬ್ಬದಲ್ಲಿ ಅಟ್ಟದ ಮೇಲಿಟ್ಟ ಶೂ. ನೋಡೋಕೆ ಹೊಸದು. ಪ್ರವಾಸದ ಮೊದಲ ದಿನವೇ ಸೋಲ್ ಪುಡಿಪುಡಿಯಾಗಿ ಉದುರುತ್ತದೆ. ವರ್ಷಕ್ಕೆ ಒಬ್ಬರಾದರೂ ಇಂಥ ಶೂ ತಂದು ‘ಹಾಕೇ ಇಲ್ಲ, ಹೀಗಾಗಿದೆ’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಹಾಕದೇ ಇದ್ದಿದ್ದಕ್ಕೇ ಹೀಗಾಗಿರೋದು ಅಂದರೆ ಯಾರೂ ನಂಬುವುದಿಲ್ಲ. ಪಾಲಿಯುರೆಥೇನ್ ಸೋಲ್ ಗಾಳಿಯ ತೇವಕ್ಕೆ ಒಳಗೊಳಗೇ ಕೆಡುತ್ತದೆ. ಮುಚ್ಚಿಟ್ಟರೆ ತೇವ ಅಲ್ಲೇ ನಿಲ್ಲುತ್ತದೆ. ಹಾಕಿ ಓಡಾಡಿದರೆ ಹೆಚ್ಚು ದಿನ ಬಾಳುತ್ತದೆ. ಇವಿಎ ಅನ್ನೋ ಹಗುರ ಫೋಮಿನ ಸೋಲ್ ಹೀಗೆ ಪುಡಿಯಾಗುವುದಿಲ್ಲ, ಆದರೆ ಹಾಕುತ್ತಾ ಹೋದಂತೆ ಚಪ್ಪಟೆಯಾಗುತ್ತದೆ. ಅಟ್ಟದಿಂದ ಇಳಿಸಿದ ಶೂವನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಸೂಟ್‌ಕೇಸಿಗೆ ಹಾಕಬೇಡಿ.

ಸಕ್ಕರೆ ಕಾಯಿಲೆ ಇದೆ ಅಂತ ಗಿರಾಕಿ ಹೇಳಿದರೆ ನಾನು ನಿಧಾನ ಮಾಡುತ್ತೇನೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಕಚ್ಚುವುದು ಅವರಿಗೆ ಗೊತ್ತಾಗುವುದಿಲ್ಲ. ‘ಆರಾಮಾಗಿದೆ’ ಅನ್ನೋ ಅವರ ಮಾತನ್ನು ನಂಬಿ ಬಿಲ್ ಹಾಕೋ ಹಾಗಿಲ್ಲ. ಹಾಕುವ ಮುಂಚೆ ಪ್ರತಿ ಸಲ ಶೂ ಒಳಗೆ ಕೈ ಆಡಿಸಿ ಕಲ್ಲು, ಹೊಲಿಗೆ ನೋಡಿಕೊಳ್ಳಬೇಕು. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಸುಡುವ ಕಲ್ಲಿನ ಮೇಲೆ ಬರಿಗಾಲು ಬೇಡ. ಎಂಥ ಶೂ ಅಂತ ಮೊದಲು ಡಾಕ್ಟರ್ ಹೇಳಲಿ, ಆಮೇಲೆ ನಾನು ಡಬ್ಬ ಇಳಿಸುತ್ತೇನೆ.

‘ಯಾವತ್ತು ಹೊರಡ್ತೀರ’ ಅನ್ನೋ ಪ್ರಶ್ನೆಗೆ ಕೆಲವರು ‘ನಾಳೆ ಬೆಳಿಗ್ಗೆ ರೈಲು’ ಅನ್ನುತ್ತಾರೆ. ಅವರ ಕಾಲಲ್ಲಿರೋ ಹಳೇ ಶೂ ನೋಡುತ್ತೇನೆ. ಹಿಮ್ಮಡಿ ಒಂದು ಕಡೆಗೆ ಸವೆದು ವಾಲಿಲ್ಲ, ಸೋಲ್ ಗಟ್ಟಿಯಿದೆ ಅಂದರೆ ಅದನ್ನೇ ಹಾಕಿಕೊಂಡು ಹೋಗಿ ಅನ್ನುತ್ತೇನೆ. ಯಜಮಾನರು ಗಲ್ಲಾದಿಂದ ಒಂದು ಸಲ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅವರಿಗೆ ಮಾರೋದು ಎರಡು ಜೊತೆ ಸಾಕ್ಸ್ ಮಾತ್ರ. ಪೂರ್ತಿ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಮಿಶ್ರ ನೂಲಿನದು ಬೇಗ ಒಣಗುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ ಬದಲಾಯಿಸಿಕೊಳ್ಳಿ. ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಒಂದು ಮೈಕ್ರೋಪೋರ್ ಟೇಪ್ ತೆಗೆದುಕೊಂಡು ಹೋಗಿ ಅಂತಲೂ ಹೇಳುತ್ತೇನೆ. ಬೊಬ್ಬೆ ಎದ್ದಮೇಲೆ ಅಂಟಿಸೋಕಲ್ಲ. ಎಲ್ಲಿ ಉಜ್ಜುತ್ತೆ ಅಂತ ಗೊತ್ತಿರೋ ಜಾಗಕ್ಕೆ ಬೆಳಿಗ್ಗೆಯೇ ಒಣ ಚರ್ಮದ ಮೇಲೆ, ಸುಕ್ಕಿಲ್ಲದ ಹಾಗೆ ಅಂಟಿಸಬೇಕು. ದಾರಿಯಲ್ಲಿ ಎಲ್ಲಾದರೂ ಉರಿ ಶುರುವಾಯಿತು ಅಂದರೆ ಗೈಡ್ ಎಷ್ಟೇ ಅವಸರ ಮಾಡಲಿ, ಅಲ್ಲೇ ಕೂತು ಶೂ ಬಿಚ್ಚಿ.