ಕುಮಟಾದ ಆರಿಂಚು, ಎಲ್ಲೋರದ ನೂರಡಿ

ಸೈಟ್ ಸೂಪರ್‌ವೈಸರ್ ಆಗಿ ನನಗಿದು 14ನೇ ವರ್ಷ. ಕಾರವಾರದಿಂದ ಹೊನ್ನಾವರದವರೆಗೆ ಮನೆ, ಅಂಗಡಿ, ತಡೆಗೋಡೆ, ಬಾವಿ ಅಂತ ಸಿಕ್ಕ ಕೆಲಸವನ್ನೆಲ್ಲ ಮಾಡಿಸಿದ್ದೇನೆ. ಕಟ್ಟುವ ಕೆಲಸದಲ್ಲಿ ಆದ ತಪ್ಪುಗಳಲ್ಲಿ ಎಷ್ಟೋ ಮರೆತುಹೋಗಿವೆ. ಕಡಿಯುವ ಕೆಲಸದಲ್ಲಿ ಮಾಡಿದ ಒಂದು ತಪ್ಪು ಮಾತ್ರ ಇನ್ನೂ ಕಲ್ಲಿನಲ್ಲೇ ಉಳಿದಿದೆ. ಆ ದಾರಿಯಲ್ಲಿ ಹೋದಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಕುಮಟಾ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ಒಂದು ಮನೆ. ಎರಡಡಿ ಮಣ್ಣು ತೆಗೆದರೆ ಕೆಳಗೆ ಗಟ್ಟಿ ಚಿರೆಕಲ್ಲಿನ ಹಾಸು. ಅಂಗಳದಿಂದ ತೋಟಕ್ಕೆ ಇಳಿಯುವ ಮೆಟ್ಟಿಲನ್ನು ಆ ಹಾಸಿನಲ್ಲೇ ಕಡಿದು ತೆಗೆಯಬೇಕು, ಹೊರಗಿಂದ ಒಂದು ಕಲ್ಲೂ ತರಬಾರದು ಅಂತ ಮನೆಯವರ ಆಸೆ. 11 ಮೆಟ್ಟಿಲು, ಪಕ್ಕದಲ್ಲಿ ಕೂರಲು ಒಂದು ಕಟ್ಟೆ. ನಾನು ಕಟ್ಟುವ ಮೆಟ್ಟಿಲಿಗೆ ಹಾಕುವ ಹಾಗೆ ಬುಡದಿಂದ ಗುರುತು ಹಾಕಿಸಿ, ಬುಡದಿಂದಲೇ ಬ್ರೇಕರ್ (ಕಲ್ಲು ಒಡೆಯುವ ಯಂತ್ರ) ಹೊಡೆಸಲು ಶುರು ಮಾಡಿದೆ. ಮೂರನೇ ದಿನ ಗುರುತಿನ ಗೂಟವೊಂದು ಗಾಡಿಯ ಚಕ್ರಕ್ಕೆ ಸಿಕ್ಕಿ ಕಿತ್ತುಬಂತು. "ಸರ್, ಎಲ್ಲಿವರೆಗೆ?" ಅಂತ ಡ್ರೈವರ್ ಕೇಳಿದ. ನಾನು ಅಂದಾಜಿನಲ್ಲಿ ಕೈ ತೋರಿಸಿದೆ. ಸಂಜೆ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದು ನೋಡಿದರೆ ಕಟ್ಟೆಯ ಮೈಯಲ್ಲಿ 6 ಇಂಚು ಹೆಚ್ಚಿಗೆ ಹೋಗಿತ್ತು. ಅದರ ಜೊತೆಗೆ ಬ್ರೇಕರ್ ಪೆಟ್ಟಿಗೆ ಎದ್ದ ಬಿರುಕು ಒಳಗೊಳಗೇ ಹರಿದು, ಮೇಲಿನ ಮೆಟ್ಟಿಲೊಂದರ ಮೂಲೆ ಹಾರಿಹೋಗಿತ್ತು.

ಮರುದಿನ ಒಬ್ಬ ಹಿರಿಯ ಕಲ್ಲುಕುಟಿಗರನ್ನು ಕರೆಸಿದೆ. ಎಪ್ಪತ್ತರ ಮೇಲಿನ ಪ್ರಾಯ, ನಾವೆಲ್ಲ ಅಜ್ಜ ಅಂತಲೇ ಕರೆಯುವುದು. ಬಂದವರು ಬೈಯಲಿಲ್ಲ. "ತಮಾ, ಕಟ್ಟೂ ಕೆಲ್ಸದಲ್ಲಿ ತಪ್ಪಿದ್ರೆ ಬಿಚ್ಚಿ ಮತ್ತೆ ಕಟ್ಟೂಕಾಗ್ತದೆ. ಇಲ್ಲಿ ತೆಗ್ದದ್ದು ಹೋಯ್ತು" ಅಂದರು. ಆಮೇಲೆ ಒಂದು ಕೊಡ ನೀರು ತರಿಸಿ ಹಾಸಿನ ಮೇಲೆ ಸುರಿದು ಸುಮ್ಮನೆ ಕೂತರು. ಬಿಸಿಲಿಗೆ ಕಲ್ಲಿನ ಮೈ ಬೇಗ ಒಣಗಿತು. ಬಿರುಕು ಇದ್ದ ಕಡೆ ಮಾತ್ರ ನೀರು ನಿಂತು, ಕೂದಲಿನಷ್ಟು ತೆಳ್ಳಗಿನ ಕಪ್ಪು ಗೆರೆಗಳು ಉಳಿದವು. ಆ ಗೆರೆಗಳನ್ನು ಸುಣ್ಣದಲ್ಲಿ ಎಳೆದು, ಸುತ್ತಿಗೆಯ ಬೆನ್ನಿನಿಂದ ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿದರು. ಠಣ್ ಅಂದಲ್ಲಿ ಕಲ್ಲು ಗಟ್ಟಿ, ಬದ್ ಅಂದಲ್ಲಿ ಒಳಗೆ ಜೇಡಿ. ಮಧ್ಯಾಹ್ನದವರೆಗೂ ಅವರು ಉಳಿಯನ್ನೇ ಮುಟ್ಟಲಿಲ್ಲ. ಮುಟ್ಟಿದಾಗ ಶುರು ಮಾಡಿದ್ದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ. ಪ್ರತಿ ಮೆಟ್ಟಿಲಿಗೂ ಬೇಕಾದದ್ದಕ್ಕಿಂತ ಎರಡು ಬೆರಳು ಹೆಚ್ಚಿಗೆ ಮೈ ಬಿಟ್ಟು, ಎಲ್ಲ ಒಂದು ಹದಕ್ಕೆ ಬಂದ ಮೇಲೆ ನುಣುಪು ಮಾಡುತ್ತ ಕೆಳಗಿಳಿದರು.

ಆ ವರ್ಷದ ಡಿಸೆಂಬರ್‌ನಲ್ಲಿ ನಾವು ಕೆಲವರು ಎಲ್ಲೋರಕ್ಕೆ ಹೋದೆವು. 16ನೇ ಗುಹೆ, ಕೈಲಾಸ ದೇವಾಲಯ. ಗುಹೆ ಅಂತ ಹೆಸರಷ್ಟೇ, ಇಡೀ ಗುಡಿ ಬಯಲಲ್ಲೇ ನಿಂತಿದೆ. ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂದಿನ ಕಲ್ಲಿನ ಗೋಡೆ ನೂರಡಿಗಿಂತ ಎತ್ತರ. ಅಷ್ಟೂ ಕಡಿದು ತೆಗೆದದ್ದು. ಜೊತೆಗಿದ್ದ ಹುಡುಗರು ಮೊಬೈಲಿನಲ್ಲಿ ನೋಡಿದ್ದನ್ನು ಹೇಳುತ್ತಿದ್ದರು: ಇದು ಮನುಷ್ಯರ ಕೈಯಲ್ಲಿ ಆಗುವಂಥದ್ದಲ್ಲ, ಬೇರೆ ಲೋಕದವರು ಬಂದಿದ್ದರು, ಏನೋ ಯಂತ್ರ ಇತ್ತು. ನನಗೆ ನಿಜಕ್ಕೂ ಬೇಸರವಾಯಿತು. ಕುಮಟಾದ ಅಜ್ಜನ ಕೈ ನೋಡಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ.

ಅಲ್ಲೇ ಕೂತು ಸೈಟ್ ಲೆಕ್ಕ ಹಾಕಿದೆ. ಅಲ್ಲಿಂದ ತೆಗೆದ ಕಲ್ಲು ಸುಮಾರು 2 ಲಕ್ಷ ಟನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಕಪ್ಪು ಬಸಾಲ್ಟ್, ಭಾರದ ಕಲ್ಲು. ಘನ ಅಡಿಗೆ ತಿರುಗಿಸಿದರೆ 25 ಲಕ್ಷದ ಆಸುಪಾಸು ಬರುತ್ತದೆ. ಒಬ್ಬ ಆಳು ದಿನಕ್ಕೆ 4 ಘನ ಅಡಿ ಒರಟಾಗಿ ಕಡಿಯುತ್ತಾನೆ ಅಂತ ಇಟ್ಟುಕೊಳ್ಳಿ. 250 ಜನ ಇದ್ದರೆ ದಿನಕ್ಕೆ 1,000 ಘನ ಅಡಿ, ಅಂದರೆ 2,500 ಕೆಲಸದ ದಿನ. ವರ್ಷಕ್ಕೆ 300 ದಿನ ಹಿಡಿದರೆ ಎಂಟೂವರೆ ವರ್ಷವೂ ಆಗುವುದಿಲ್ಲ. ಗುಡಿ ಮಾಡಿಸಿದ ರಾಷ್ಟ್ರಕೂಟರ ಒಂದನೇ ಕೃಷ್ಣ ಆಳಿದ್ದು 756ರಿಂದ ಸುಮಾರು 773ರವರೆಗೆ. ಕೆತ್ತನೆಗೆ ಬೇರೆ ಜನ, ಬೇರೆ ಕಾಲ ಬೇಕು, ಒಪ್ಪಿದೆ. ಹಗಲಿಡೀ ಉಳಿ ಹದ ಮಾಡಿಕೊಡುವ ಕಮ್ಮಾರರೂ ಬೇಕು. ಆದರೆ ಕಡಿತದ ಲೆಕ್ಕದಲ್ಲಿ ಮನುಷ್ಯರಿಗೆ ಮೀರಿದ್ದು ಏನೂ ನನಗೆ ಕಾಣಲಿಲ್ಲ.

ನನ್ನನ್ನು ಕೂರಿಸಿಬಿಟ್ಟದ್ದು ಕೆಲಸದ ಕ್ರಮ. ಗುಡ್ಡದ ಇಳಿಜಾರಿನಲ್ಲಿ ಮೇಲಿನಿಂದ ಮೂರು ಕಡೆ ಕಂದಕ ತೋಡಿ, ನಡುವೆ ಒಂದು ದೊಡ್ಡ ಗಟ್ಟಿ ಉಳಿಸಿಕೊಂಡಿದ್ದಾರೆ. ಆ ಗಟ್ಟಿಯಲ್ಲಿ ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಬುಡದ ಆನೆಗಳು. ಕಡಿಯುವವನು ನಿಲ್ಲುವುದು ಇನ್ನೂ ಕಡಿಯದ ಕಲ್ಲಿನ ಮೇಲೆ, ಹಾಗಾಗಿ ಅಟ್ಟಣಿಗೆ ಬೇಕಿಲ್ಲ. ಮೇಲಿನ ಭಾರ ಮೊದಲೇ ಇಳಿದಿರುತ್ತದೆ, ಹಾಗಾಗಿ ತಲೆ ಮೇಲೆ ಕುಸಿಯುವ ಭಯವೂ ಕಡಿಮೆ. ಗುಡ್ಡದ ಬುಡ ಕಡಿದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಹಾಬಲಿಪುರದ ಪಂಚರಥಗಳನ್ನು ನೋಡಿದರೂ ಇದೇ ಕ್ರಮ ಗೊತ್ತಾಗುತ್ತದೆ: ಮೇಲೆ ನುಣುಪಾದ ಕೆತ್ತನೆ, ಬುಡದಲ್ಲಿ ಇನ್ನೂ ಒರಟು ಕಲ್ಲು. ಅಲ್ಲಿನ ಅರ್ಧಕ್ಕೆ ನಿಂತ ಗುಹೆಗಳಲ್ಲಿ ಬಂಡೆಯ ಮೈಗೆ ಚೌಕ ಚೌಕವಾಗಿ ಆಳದ ಗೀರು ಹಾಕಿ, ನಡುವಿನ ಗಟ್ಟಿಗಳನ್ನು ಒಂದೊಂದಾಗಿ ಒಡೆದು ತೆಗೆದ ಗುರುತು ಇದೆ. ಗೀರು ಇರುವಲ್ಲಿ ಬಿರುಕು ನಿಲ್ಲುತ್ತದೆ. ನನ್ನ ಬ್ರೇಕರ್‌ಗೆ ಅಂಥ ಗೀರು ಇರಲಿಲ್ಲ.

ಕೈಲಾಸದ ಅಂಗಳದಲ್ಲಿ ಎರಡು ಎತ್ತರದ ಒಂಟಿ ಕಂಬಗಳಿವೆ. ಎಲ್ಲರೂ ಅದರ ಕೆತ್ತನೆಯ ಫೋಟೊ ತೆಗೆಯುತ್ತಿದ್ದರು. ನನಗೆ ಅವು ಕಂಡದ್ದೇ ಬೇರೆ ರೀತಿ. ನಾವು ಗುಂಡಿ ತೋಡಿಸುವಾಗ ಎಷ್ಟು ಆಳ ತೆಗೆದಿದ್ದೇವೆ ಅಂತ ಅಳೆಯಲು ನಡುವೆ ಮಣ್ಣಿನ ಒಂದು ದಿಬ್ಬ ಮುಟ್ಟದೆ ಬಿಡುತ್ತೇವೆ. ಅದಕ್ಕೆ ಸಾಕ್ಷಿ ಅನ್ನುವುದು. ಬಿಲ್ ಪಾಸಾದ ಮೇಲೆ ಅದನ್ನೂ ತೆಗೆದುಬಿಡುತ್ತೇವೆ. ಇಲ್ಲಿ ಕಂಬ, ಆನೆ, ಮುಂದಿನ ದ್ವಾರ ಎಲ್ಲವೂ ಹಾಗೆ ಬಿಟ್ಟ ಕಲ್ಲೇ. ಮೊದಲ ಉಳಿ ಬೀಳುವ ಮೊದಲೇ, ಅಷ್ಟು ಆಳದಲ್ಲಿ ಎಲ್ಲಿ ಆನೆಯ ಸೊಂಡಿಲು ಬರಬೇಕು ಅಂತ ಯಾರೋ ಲೆಕ್ಕ ಹಿಡಿದಿದ್ದರು.

ಆ ಲೆಕ್ಕ ಒಂದೇ ದಿನ ಹುಟ್ಟಿದ್ದಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇರುವುದು 578ರದ್ದು, ಕೈಲಾಸಕ್ಕಿಂತ ಸುಮಾರು 200 ವರ್ಷ ಹಿಂದೆ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೂ ಕೈಲಾಸಕ್ಕೂ ವಿನ್ಯಾಸದಲ್ಲಿ ಹತ್ತಿರದ ಹೋಲಿಕೆ ಇದೆ. ಪಟ್ಟದಕಲ್ಲಿನ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಉಳಿದಿದೆ. ಅಲ್ಲಿ ಕಲ್ಲು ಜೋಡಿಸಿ ಕಟ್ಟಿದ್ದನ್ನು ಇಲ್ಲಿ ತಿರುಗಾಮುರುಗಾ ಮಾಡಿ ಕಡಿದು ತೆಗೆದಿದ್ದಾರೆ. ಬಡೋದಾದಲ್ಲಿ ಸಿಕ್ಕ ರಾಷ್ಟ್ರಕೂಟರ ತಾಮ್ರಪಟದಲ್ಲಿ, ಎಲಾಪುರದ (ಎಲ್ಲೋರದ ಹಳೆಯ ಹೆಸರು) ಈ ಗುಡಿಯನ್ನು ಮಾಡಿದ ಶಿಲ್ಪಿಗೇ "ಇದನ್ನು ನಾನು ಹೇಗೆ ಮಾಡಿದೆ" ಅಂತ ಬೆರಗಾಯಿತು ಎಂಬ ಅರ್ಥದ ಮಾತಿದೆ. ಓದಿದಾಗ ಕಣ್ಣು ತುಂಬಿತು. ಕೆಲಸ ಮುಗಿಸಿ ದೂರ ನಿಂತು ನೋಡಿದವರಿಗೆ ಆ ಮಾತು ಗೊತ್ತು.

ಊರಿಗೆ ಬಂದ ಮೇಲೆ ನನ್ನ ಸೈಟುಗಳಲ್ಲಿ ಕೆಲವು ಬದಲಾದವು. ಕಲ್ಲು ಕಡಿಯುವ ಕೆಲಸವಾದರೆ ಡ್ರಾಯಿಂಗ್‌ನಲ್ಲಿ ಮೊದಲು ಕೆಂಪು ಬಳಿಯುವುದು ಮುಟ್ಟಬಾರದ ಜಾಗಕ್ಕೆ. ಗುರುತು ಮೇಲಿನಿಂದ, ಒಂದು ಗೂಟ ಹೋದರೂ ಇನ್ನೊಂದು ಸಿಗುವ ಹಾಗೆ ಗುಂಡಿಯ ಹೊರಗೆ ಜೋಡಿ ಗೂಟ. ಉಳಿಸಬೇಕಾದ ಗೆರೆಯಿಂದ ಒಂದು ಅಡಿ ಈಚೆಗೇ ಬ್ರೇಕರ್ ಬಂದ್, ಉಳಿದದ್ದು ಕೈಯಲ್ಲಿ. ಇದರಿಂದ ಕೆಲಸ ನಿಧಾನ ಆಗುತ್ತದೆ, ಮನೆಯವರು ಗೊಣಗುತ್ತಾರೆ. ಅವರಿಗೆ ಕುಮಟಾದ ಕಟ್ಟೆಯ ಫೋಟೊ ತೋರಿಸುತ್ತೇನೆ.

ಹೊಸದಾಗಿ ಸೇರಿದ ಹುಡುಗರನ್ನು ಬೇಸಿಗೆಯಲ್ಲಿ ಶಿರಸಿ ಹತ್ತಿರದ ಸಹಸ್ರಲಿಂಗಕ್ಕೆ ಕರೆದುಕೊಂಡು ಹೋಗುತ್ತೇನೆ. ಸೋದೆಯ ಅರಸ ಸದಾಶಿವರಾಯ ಮಾಡಿಸಿದ್ದು ಅನ್ನುತ್ತಾರೆ, ಅವನ ಕಾಲ 1678ರಿಂದ 1718. ಶಾಲ್ಮಲಾ ನದಿಯ ನೀರು ಇಳಿದಾಗ ಬಂಡೆಗಳ ಮೇಲೆ ಲಿಂಗಗಳು, ನಂದಿಗಳು ಏಳುತ್ತವೆ. ಹೋದ ವರ್ಷ ಒಬ್ಬ ಹುಡುಗ ಕೇಳಿದ, "ಸರ್, ಒಂದು ದೊಡ್ಡದು, ಒಂದು ಸಣ್ಣದು, ಯಾಕೆ ಒಂದೇ ಅಳತೆ ಇಲ್ಲ?" ನಾನು ಉತ್ತರ ಹೇಳಲಿಲ್ಲ. ಬಾಟಲಿಯ ನೀರನ್ನು ಹತ್ತಿರದ ಬಂಡೆಯ ಮೇಲೆ ಸುರಿದು, ಅದು ಒಣಗುವ ತನಕ ಅವನನ್ನು ಅಲ್ಲೇ ಕೂರಿಸಿದೆ.