ಕಂಸದೊಳಗೆ ಒಂದು ಹೆಸರು

ಮಧ್ಯಾಹ್ನ ಅಡಿಕೆ ಸಸಿಗಳಿಗೆ ನೀರು ಹಾಕೋವಾಗ ಒಂದು ಎಲೆ ಮಗುಚಿ ನೋಡಿದೆ. ಅಡಿಯಲ್ಲಿ ಕುಂಕುಮ ಉದುರಿದ ಹಾಗೆ ಕೆಂಪು ನುಸಿ.

ಭೂತಗನ್ನಡಿ ತಂದು ಹಿಡಿದೆ. ಆ ಕೆಂಪಿನ ನಡುವೆ ಇನ್ನೊಂದು ಓಡಾಡ್ತಿತ್ತು. ಹೊಳೆಯೋ ಮೈ, ತಿಳಿ ಜೇನಿನ ಬಣ್ಣ, ಅರ್ಧ ಮಿಲಿಮೀಟರೂ ಇಲ್ಲ. ಒಂದು ಮೊಟ್ಟೆ ಹತ್ರ ನಿಂತು, ಬಾಯಿ ಇಟ್ಟು, ಅಲ್ಲಾಡದೆ ಹೀರಿತು. ಮತ್ತೆ ಓಟ.

ಕೃಷಿ ಓದಿದ ಗೆಳತಿಗೆ ಫೋನ್ ಮಾಡಿದೆ. ಪರಭಕ್ಷಕ ನುಸಿ ಇರಬೇಕು, ಫೈಟೋಸೀಡೆ ಕುಟುಂಬದ್ದು ಅಂದಳು. ಕೀಟ ಅನ್ಬೇಡ, ಎಂಟು ಕಾಲು, ಜೇಡದ ನೆಂಟ. ಯಾವ ಪ್ರಭೇದ ಅಂತ ತಿಳಿಯೋಕೆ ಸ್ಲೈಡ್ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ಬೆನ್ನಿನ ರೋಮ ಎಣಿಸ್ಬೇಕಂತೆ. ಎಷ್ಟು ಜೊತೆ, ಯಾವುದು ಉದ್ದ, ಯಾವುದು ಗಿಡ್ಡ.

ತೆಂಗು, ಅಡಿಕೆಯ ಕೆಂಪು ನುಸಿ ತಿನ್ನೋದರಲ್ಲಿ ಹೆಸರಾದದ್ದು ಆಂಬ್ಲಿಸಿಯಸ್ ಲಾರ್ಗೋಯೆನ್ಸಿಸ್. ಆ ಹೆಸರಿನ ಪಕ್ಕ ಕಂಸದಲ್ಲಿ 'ಮ್ಯೂಮಾ, 1955' ಅಂತ ಇರುತ್ತೆ. ಆ ಕಂಸ ನನಗೆ ತುಂಬಾ ಹಿಡಿಸ್ತು. ಅದಕ್ಕೆ ಹೆಸರಿಟ್ಟ ವಿಜ್ಞಾನಿ ಮ್ಯೂಮಾ ಅದನ್ನು ಮೊದಲು ಇಟ್ಟದ್ದು ಬೇರೆ ಕುಲದಲ್ಲಿ, ಅಂದ್ರೆ ಹತ್ತಿರದ ಪ್ರಭೇದಗಳ ಬೇರೊಂದು ಗುಂಪಿನಲ್ಲಿ. ಆಮೇಲೆ ಕುಲ ಬದಲಾಯ್ತು. ಆದರೂ ಮೊದಲು ಹೆಸರಿಟ್ಟವರನ್ನು ಅಳಿಸೋ ಹಾಗಿಲ್ಲ, ಕಂಸದೊಳಗೆ ಉಳಿಸ್ಕೋಬೇಕು.

ನಮ್ಮಜ್ಜಿ ಮದುವೆಯಾಗಿ ತೀರ್ಥಹಳ್ಳಿ ಕಡೆಯ ಈ ಮನೆಗೆ ಬಂದು ಅರವತ್ತು ವರ್ಷ ಬಾಳಿದಳು. ಊರಿನವರಿಗೆ ಕೊನೆವರೆಗೂ ಅವಳು 'ಕೊಪ್ಪದಮ್ಮ'ನೇ.

ಸಾಯಂಕಾಲ ಔಷಧಿ ಹೊಡೆಯೋದು ಅಂತಿತ್ತು. ಕ್ಯಾನು ಕೊಟ್ಟಿಗೆಯಲ್ಲೇ ಇದೆ. ಆ ಸಸಿಗೆ ಒಂದು ಬಾಳೆನಾರು ಕಟ್ಟಿ ಬಂದಿದ್ದೀನಿ, ಬೆಳಿಗ್ಗೆ ಮತ್ತೆ ಎಲೆ ಮಗುಚಿ ನೋಡ್ಬೇಕು.